ರಾಜಕುಮಾರನ ಲೋಟ, ತಾತನ ಬಲಗೈ

ಸತ್ತವರ ಮನೆಗೆ ಜನ ಸಂತೆಗೆ ಹೋದ ಹಾಗೆ ಹೋಗುತ್ತಾರೆಂದು ಅಮೆರಿಕದ ಫೋರ್ಟ್ ಮಿಲ್‌ಗೆ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಎಸ್ಟೇಟ್ ಸೇಲ್ ಎನ್ನುತ್ತಾರೆ. ತೀರಿಕೊಂಡ ಮುದುಕಿಯ ಹಾಸಿಗೆ, ಚಮಚ ಎಲ್ಲಕ್ಕೂ ಬೆಲೆಚೀಟಿ, ಹಲ್ಲಿನ ಸೆಟ್ಟೊಂದನ್ನು ಬಿಟ್ಟು. ನಮ್ಮಲ್ಲಾದರೆ ಸೂತಕದ ಮನೆಯಲ್ಲಿ ನೀರು ಕೂಡ ಕುಡಿಯುವುದಿಲ್ಲ. ಮೂಗು ಮುರಿಯುತ್ತಲೇ ಒಳಗೆ ಹೋದವಳು ಪಿಂಗಾಣಿ ಲೋಟವೊಂದನ್ನು ಹಿಡಿದು ಹೊರಗೆ ಬಂದೆ. ಇಂಗ್ಲೆಂಡಿನ ರಾಜಕುಮಾರನೊಬ್ಬ ಇಂಡಿಯಾ ಪ್ರವಾಸ ಮಾಡಿದ ನೆನಪಿಗೆ ಮಾಡಿಸಿದ್ದು. ಅವನ ನಗುಮುಖ, ಸುತ್ತ ಚಿನ್ನದ ಗೆರೆ. ನಮ್ಮ ದೇಶದ್ದೊಂದು ಇಲ್ಲಿ ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಮೈಸೂರಿನಿಂದ ಬಂದಿದ್ದ ಅಪ್ಪನಿಗೆ ಮರುದಿನ ಅದರಲ್ಲೇ ಕಾಫಿ ಕೊಟ್ಟೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದರ ಮೇಲಿನ ಬರಹ ಓದಿದರು. ಕಾಫಿ ಸಮೇತ ಗೋಡೆಗೆ ಬೀಸಿದರು. ಸಾಲದೆಂದು ದೊಡ್ಡ ಚೂರನ್ನು ಅಡುಗೆಕಟ್ಟೆಯ ಮೇಲೆ ಕುಟ್ಟಿ ಕುಟ್ಟಿ ಪುಡಿ ಮಾಡಿದರು. ಅಂಗೈ ಸೀಳಿ ರಕ್ತ ಸುರಿಯಿತು.

"ತಾತ, ಇಟ್ ವಾಸ್ ಜಸ್ಟ್ ಅ ಕಪ್!" ಎಂದು ನನ್ನ ಮಗಳು ಕಿರುಚಿದಳು.

"ಇವನು ಮೈಸೂರಿಗೆ ಬಂದಾಗ ನಮ್ಮಪ್ಪ ಇನ್ನೂ ಹುಡುಗ, ಅವರ ಸ್ಕೂಲಲ್ಲಿ ಇವನ ಮುಖದ ಬಿಲ್ಲೆ ಹಂಚಿದ್ರು ಕಣೇ," ಅಪ್ಪ ನನ್ನ ಕಡೆ ತಿರುಗಿದರು. "ಅವರು ಅದನ್ನ ಚರಂಡಿಗೆ ಎಸೆದುಬಿಟ್ರು. ಮೇಷ್ಟ್ರು ಅವರ ಬಲಗೈನ ಮೇಜಿನ ಮೇಲೆ ಒತ್ತಿ ಹಿಡಿದು, ರೂಲುದೊಣ್ಣೆಯಲ್ಲಿ ಬೆರಳು ಒಂದೊಂದಾಗಿ ಮುರಿದ್ರು. ಬಿಳಿಯ ಅಲ್ಲ, ನಮ್ಮೂರ ಮೇಷ್ಟ್ರೇ."

ನನ್ನ ತಾತ ಎಡಗೈಯಲ್ಲಿ ಉಣ್ಣುತ್ತಿದ್ದರು. ಅದಕ್ಕೇ ಮದುವೆಮನೆಗಳಲ್ಲಿ ಅವರನ್ನು ಪಂಕ್ತಿಯಿಂದಾಚೆ ಕೂರಿಸುತ್ತಿದ್ದರು. ಕಾರಣವನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನೆಲ ಒರೆಸುವಾಗ ಆ ನಗುವ ಬಾಯಿಯ ಚೂರು ಸಿಕ್ಕಿತು. ಮೈಯೆಲ್ಲ ಉರಿದು, ಚಪ್ಪಲಿ ಕಾಲಲ್ಲಿ ಅರೆದು ಹಾಕಿದೆ.

ಆ ವಾರವೇ ಷಾರ್ಲೆಟ್‌ನಲ್ಲಿ ನನ್ನ ಅಮೆರಿಕನ್ ಪೌರತ್ವದ ಪ್ರಮಾಣವಿತ್ತು. ಗುಂಡು ಹಾರಿಸಿ ಇಂಗ್ಲೆಂಡಿನ ರಾಜನನ್ನು ಓಡಿಸಿದ ಈ ಜನ ಅವನ ರಾಣಿ ಷಾರ್ಲೆಟ್ ಹೆಸರನ್ನು ಈ ಊರಿಗೆ ಹಾಗೇ ಉಳಿಸಿಕೊಂಡಿದ್ದಾರೆ. ಬೀದಿಯ ಫಲಕಗಳ ಮೇಲೂ ಕಿರೀಟ. ಇಂಡಿಯಾದಲ್ಲಿ ನಾವು ಬೀದಿಯ ಹೆಸರು ಬದಲಿಸಿದೆವು, ರೂಲುದೊಣ್ಣೆ ಬಿಡಲಿಲ್ಲ. ಯಾರಿಗೆ ಯಾರು ವಾಸಿ ಎಂದು ಬೈದುಕೊಳ್ಳುತ್ತಾ ಕಾರು ನಿಲ್ಲಿಸಿದೆ.

ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತರು. ಅಧಿಕಾರಿ ಬಲಗೈ ಎತ್ತಿ ಎಂದರು, ಎತ್ತಿದೆ. ಯಾವ ಪರದೇಶದ ರಾಜನಿಗೂ, ಯಾವ ಪರದೇಶಕ್ಕೂ ಇನ್ನು ನನ್ನ ನಿಷ್ಠೆಯಿಲ್ಲ ಎನ್ನಬೇಕು. ರಾಜನನ್ನು ಬಿಡುವಾಗ ತಾತನ ಬೆರಳುಗಳನ್ನು ನೆನೆದು ಎಲ್ಲರಿಗಿಂತ ಜೋರಾಗಿ ಹೇಳಿದೆ. ದೇಶ ಬಿಡುವಾಗ ದನಿ ತಗ್ಗಿಸಿದೆ. ಆದರೂ ಹೇಳಿದೆ.

ಬಾಗಿಲಲ್ಲಿ ಎಲ್ಲರ ಕೈಗೂ ಪುಟ್ಟ ಬಾವುಟ ಹಂಚಿದರು. ಅಪ್ಪ ಅದನ್ನೇ ನೋಡುತ್ತಾ ನಿಂತರು.

"ರಾಜನ್ನ ಬಿಟ್ಟಿದ್ದು ಸರಿ ಕಣಮ್ಮ. ಅವನ ಜೊತೆ ನಮ್ಮನ್ನೂ ಯಾಕೆ ಸೇರಿಸಿ ಬಿಟ್ಟೆ?"

ಕಾರಿನವರೆಗೆ ದಾರಿಯ ಪಕ್ಕದಲ್ಲೇ ಚರಂಡಿಯಿತ್ತು. ತಾತನ ಹಾಗೆ ನಾನು ಎಸೆಯಲಿಲ್ಲ. ಬಾವುಟವನ್ನು ಎಡಗೈಗೆ ದಾಟಿಸಿ, ಅಪ್ಪನ ಗಾಯದ ಕೈ ಹಿಡಿಯಹೋದೆ. ಅಪ್ಪ ಕೊಡಲಿಲ್ಲ.