ಒಂಬತ್ತು ದಿನದ ಮಳೆ

ಬೆಳಗಿನ ಎಂಟೂವರೆಗೆ ಜಟ್ಟಪ್ಪನವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಭದ್ರಾವತಿಯ ಮಳೆಮಾಪನ ಕೇಂದ್ರವೊಂದರಲ್ಲಿ ಮೂವತ್ತೊಂದು ವರ್ಷ ಅದೇ ಹೊತ್ತಿಗೆ ಡಬ್ಬಿಯ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಮಿಲಿಮೀಟರಿನಲ್ಲಿ ಬರೆದಿಟ್ಟವರು ಅವರು. ಸ್ವಂತ ತಮ್ಮನ ಮದುವೆಯಲ್ಲಿ ಧಾರೆಯ ಹೊತ್ತಿಗೂ ಮಳೆ ಅಳೆಯಲು ಹೋಗಿದ್ದರಂತೆ! ಅವರ ಬಡಾವಣೆ ಕಾಗದನಗರದ ಜನ ಅದನ್ನು ಹೇಳಿಕೊಂಡು ಇಂದಿಗೂ ನಗುತ್ತಾರೆ.

ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ, ಪ್ರಿಯಂವದಾ ಎಂಬ ಸಂಶೋಧಕಿ ಅವರ ಹಳೆಯ ರಿಜಿಸ್ಟರುಗಳನ್ನು ಹೊತ್ತು ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಿಂದ ಮನೆ ಹುಡುಕಿಕೊಂಡು ಬಂದಳು.

"ಒಂದು ದಿನಾನೂ ತಪ್ಪಿಲ್ಲವಲ್ಲ ಸಾರ್! ದೇಶದೇಶದವ್ರು ಸೇರೋ ಹವಾಮಾನದ ಸಭೆಗೆ ನಮ್ಮ ವರದಿ ಹೋಗ್ತಿದೆ. ಕಾರ್ಖಾನೆ ಹೊಗೆ ಕಮ್ಮಿ ಮಾಡಿ ಅಂದ್ರೆ, ದೊಡ್ಡ ದೇಶದವ್ರು ಮಳೆ ಎಲ್ಲಿ ಬದಲಾಗಿದೆ ತೋರ್ಸಿ ಅಂತಾರೆ. ಒಂದೇ ದಿನ ಸುರಿದು ಹೋಗೋ ಮಳೆ ಎಷ್ಟು ಹೆಚ್ಚಾಗಿದೆ ಅಂತ ನಿಮ್ಮ ಪುಸ್ತಕಾನೇ ತೋರಿಸ್ತೀವಿ."

ಜಟ್ಟಪ್ಪನವರಿಗೆ ಹೆಮ್ಮೆಯೆನಿಸಿತು.

"ಆದ್ರೆ ಒಂದು ಅಂಕಿ ಸುಳ್ಳು ಅಂತ ಅವ್ರ ಕೈಗೆ ಸಿಕ್ರೂ ಪೂರ್ತಿ ತಳ್ಳಿಹಾಕ್ತಾರೆ."

ಜಟ್ಟಪ್ಪನವರ ಕಣ್ಣು ರಿಜಿಸ್ಟರುಗಳ ರಾಶಿಯಲ್ಲಿ ಒಂದು ವರ್ಷವನ್ನು ಹುಡುಕಿತು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಜುಲೈ. ಹೆಂಡತಿ ದುರ್ಗಮ್ಮ ಶಿವಮೊಗ್ಗದ ಆಸ್ಪತ್ರೆ ಸೇರಿ ಒಂಬತ್ತನೆಯ ದಿನ ತೀರಿಕೊಂಡಿದ್ದರು. ಅಳೆಯದ ದಿನಕ್ಕೆ ಅಡ್ಡಗೆರೆ ಎಳೆದು, ಷರಾ ಕಾಲಂನಲ್ಲಿ ಕಾರಣ ಬರೆಯಬೇಕೆಂಬುದು ನಿಯಮ. ಅಂದೇ ಮಣ್ಣು ಮಾಡಿ, ಮರುದಿನ ಬೆಳಗ್ಗೆ ಜಟ್ಟಪ್ಪ ಮಳೆಮಾಪಕದ ಮುಂದೆ ನಿಂತರು. ಆ ಕಾರಣ ಬರೆಯಲು ಅವರಿಗೆ ಕೈ ಬರಲಿಲ್ಲ. ಡಬ್ಬಿಯಲ್ಲಿ ಕೂಡಿದ್ದ ನೀರನ್ನೆಲ್ಲ ಒಟ್ಟಿಗೆ ಅಳೆದು, ಒಂಬತ್ತು ದಿನಕ್ಕೂ ಹೆಚ್ಚುಕಮ್ಮಿ ಮಾಡಿ ಹಂಚಿ ಬರೆದುಬಿಟ್ಟರು. ಯಾವ ದಿನ ಎಷ್ಟು ಸುರಿದಿತ್ತೋ ದೇವರೇ ಬಲ್ಲ.

ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಆ ವರ್ಷದ ಪುಸ್ತಕವನ್ನು ತಾವೇ ಎಳೆದುಕೊಂಡು ಆ ಪುಟ ತೆರೆದರು.

"ಇದು ಅಳೆದು ಬರ್ದಿದ್ದಲ್ಲ ಮಾರಾಯ್ತಿ," ಎಂದು ಎಲ್ಲವನ್ನೂ ಹೇಳಿದರು.

ಪ್ರಿಯಂವದಾ ಆ ಒಂಬತ್ತು ಅಂಕಿಗಳ ಮೇಲೆ ಬೆರಳಾಡಿಸಿದಳು. "ಹಾಗಿದ್ರೆ ಒಂದು ದಿನಾನೂ ತಪ್ಪಿಲ್ಲ ಅನ್ನೋ ಮಾತು ತೆಗೀಬೇಕಾಗುತ್ತೆ ಸಾರ್."

"ತೆಗೀರಿ. ಉಳಿದಿದ್ದು?"

"ನೀವೇ ತಿದ್ದಿ ಸಹಿ ಹಾಕಿಕೊಟ್ರೆ, ಉಳಿದಿದ್ದಕ್ಕೆ ನಾನು ವಾದ ಮಾಡ್ತೀನಿ."

ಜಟ್ಟಪ್ಪ ಹಳೆಯ ಅಂಕಿಗಳು ಕಾಣುವಂತೆಯೇ ಅವುಗಳ ಮೇಲೆ ಒಂಬತ್ತು ಕೆಂಪು ಗೆರೆ ಎಳೆದರು. ಷರಾ ಕಾಲಂನಲ್ಲಿ ಬರೆದರು: 'ಹೆಂಡತಿ ತೀರಿಕೊಂಡಳು. ಮಳೆ ನೋಡಿಲ್ಲ.' ಸಹಿ ಹಾಕಿ ಅಂದಿನ ತಾರೀಖು ನಮೂದಿಸಿದರು.

ಮಣ್ಣು ಮಾಡಿದ ದಿನವೂ ಅಳದಿದ್ದ ಮನುಷ್ಯ, ಪರವೂರಿನ ಹುಡುಗಿಯ ಮುಂದೆ ಪುಸ್ತಕ ಮುಚ್ಚದೆಯೇ ಅತ್ತುಬಿಟ್ಟರು.