ಆಣೆಯ ಮೂರನೆಯ ದಿನ

ಬೆಳಗಿನ ಆರು ಗಂಟೆ. ಹುಂಚದಿಂದ ಮೂರು ಮೈಲಿ ಒಳಗಿನ ಒಂದು ಜಗುಲಿ. ಮರದ ಮಿಲ್ಲಿನ ಕೆಲಸಗಾರ ಶಿವರಾಮ ಚಾಚಿದ ಬೆರಳುಗಳ ಮೇಲೆ ಆಶಾ ಕಾರ್ಯಕರ್ತೆ ಗಂಗಾ ಹಳೆಯ ಪೇಪರಿನ ಹಾಳೆಯೊಂದನ್ನು ಹರಡುತ್ತಾರೆ. ಗಾಳಿಯಿಲ್ಲ. ಹಾಳೆ ಮಾತ್ರ ಪಟಪಟನೆ ನಡುಗುತ್ತದೆ.

"ಕಡೇದಾಗಿ ಕುಡಿದಿದ್ದು ಯಾವಾಗ?"

"ಭಾನುವಾರ ರಾತ್ರಿ ಕಣಕ್ಕ. ಸೋಮವಾರ ಚೌಡಮ್ಮನ ಮುಂದೆ ಕಾಯಿ ಮುಟ್ಟಿ ಆಣೆ ಮಾಡೀನಿ."

ಇಂದು ಬುಧವಾರ. ಇಪ್ಪತ್ತು ವರ್ಷಗಳ ಕುಡಿತ ಒಂದೇ ಏಟಿಗೆ ನಿಂತಿದೆ.

"ಗೋಡೆ ಮೇಲೆ ಎಂತ ನೋಡ್ತೀಯಾ?"

"ಇರುವೆ ಸಾಲು. ನಿಂಗೆ ಕಾಣಲ್ವಾ?"

ಗೋಡೆ ಬರಿದಾಗಿದೆ. ಗಂಗಾ ಅಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಾರೆ. ಬರಲು ಮುಕ್ಕಾಲು ಗಂಟೆ ಬೇಕಂತೆ. ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಕೂರುವುದು ಅವರಿಗೆ ಒಗ್ಗದ ಸಂಗತಿ.

"ಒಂದು ಕ್ವಾರ್ಟರ್ ಕೊಡ್ರಿ, ನೆಟ್ಟಗಾಗ್ತಾನೆ," ಎಂದು ಬೇಲಿಯಾಚೆಯಿಂದ ನೆರೆಮನೆಯ ಸತೀಶ್ ನಗುತ್ತಾರೆ.

"ನಿಂಗೂ ಒಂದಿನ ಪೇಪರ್ ಹಿಡಿತೀನಿ, ತಡಿ ಮಾರಾಯ."

ಶಿವರಾಮನ ತಾಯಿ ದುಗ್ಗಮ್ಮನಿಗೆ ಬೇರೆಯೇ ಭಯ. ಇದು ಯಾವ ದೈವದ ಉಪದ್ರವವೆಂದು ಕಣಿ ಹೇಳುವವರ ಬಳಿ ನೋಟ ನೋಡಿಸಲು ಅವರು ಹೊರಟು ನಿಂತಿದ್ದಾರೆ. "ಆಸ್ಪತ್ರೇಲಿ ಮತ್ತಿನ ಮಾತ್ರೆ ಕೊಡ್ತಾರಂತೆ. ಆಣೆ ಮುರಿದಂಗಲ್ವೇನೇ?"

ಇದೇ ನಂಬಿಕೆ ಒಂಬತ್ತು ವರ್ಷಗಳ ಹಿಂದೆ ಗಂಗಾರ ಅಣ್ಣ ಗಿರಿಯಪ್ಪನನ್ನು ಕೊಂಡೊಯ್ದಿತ್ತು. ಆಣೆ ಮಾಡಿದ ನಾಲ್ಕನೆಯ ದಿನ, ನೋಟದವರ ಮನೆಯ ದಾರಿಯಲ್ಲೇ ಫಿಟ್ಸ್ ಬಂದು ಆತ ತೀರಿಕೊಂಡ. ಚೌಡಿ ಮುನಿದಳೆಂದಿತು ಊರು. ವರ್ಷಗಳ ಕಾಲ ಮದ್ಯಕ್ಕೆ ಒಗ್ಗಿದ ದೇಹ ಹಠಾತ್ತನೆ ಬಿಟ್ಟರೆ ತಾಳದು, ಮೊದಲು ನಡುಕ, ಬೆವರು, ಆಮೇಲೆ ಭ್ರಮೆ, ಫಿಟ್ಸ್, ಸಾವೂ ಬರಬಹುದು, ಆದ್ದರಿಂದ ವೈದ್ಯರ ಮದ್ದಿನ ಆಸರೆಯಲ್ಲೇ ಬಿಡಿಸಬೇಕು ಎಂಬುದನ್ನು ಗಂಗಾ ಕೇಳಿದ್ದು ಮುಂದೆ ಆಶಾ ತರಬೇತಿಯಲ್ಲಿ. "ಕೇಳ್ದೋಳು ಎದ್ದು ಹೊರಗೆ ಬಂದೆ. ಆವತ್ತಿಂದ ನಡೀತಾನೇ ಇದೀನಿ," ಎನ್ನುತ್ತಾರೆ. ಇನ್ನೂರ ಮೂವತ್ತು ಮನೆಗಳು, ದಿನಕ್ಕೆ ಏಳೆಂಟು ಮೈಲಿ. ಹೀಗೆ ಆಣೆ ಮಾಡಿ ಮಲಗಿದವರನ್ನು ಈ ವರ್ಷ ಆಸ್ಪತ್ರೆ ಮುಟ್ಟಿಸಿದ್ದು ಹನ್ನೊಂದು ಬಾರಿ.

ಗಂಗಾ ದುಗ್ಗಮ್ಮನೊಡನೆ ವಾದಿಸುವುದಿಲ್ಲ. ಕೈ ಹಿಡಿದು ಹಿತ್ತಿಲಾಚೆಯ ಚೌಡಿಯ ಕಲ್ಲಿನ ಮುಂದೆ ಕರೆದೊಯ್ದು, ಗಟ್ಟಿಯಾಗಿ ಹೇಳುತ್ತಾರೆ: "ಅವ್ವಾ, ಇವ್ನು ಕುಡಿಯಕ್ಕೆ ಹೋಗ್ತಿಲ್ಲ, ಬಿಡಕ್ಕೆ ಹೋಗ್ತಿದಾನೆ. ಆಣೆ ಹೆಂಡಕ್ಕೆ, ಮದ್ದಿಗಲ್ಲ. ತಪ್ಪಿದ್ರೆ ನನ್ನ ಕೇಳು."

ದುಗ್ಗಮ್ಮ ಕಲ್ಲಿಗೆ ಕೈ ಮುಗಿಯುತ್ತಾರೆ. ಮತ್ತೆ ಒಳಗೆ ಹೋಗಿ ಮಗನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಾರೆ.

ಹತ್ತು ಗಂಟೆಯ ಸುಮಾರಿಗೆ ಶಿವರಾಮನಿಗೆ ಫಿಟ್ಸ್ ಬರುತ್ತದೆ. ಆದರೆ ಆಸ್ಪತ್ರೆಯ ಮಂಚದ ಮೇಲೆ, ನರ್ಸ್ ಪಕ್ಕದಲ್ಲಿರುವಾಗ. ಮಧ್ಯಾಹ್ನದ ಹೊತ್ತಿಗೆ ಉಸಿರು ತಹಬದಿಗೆ ಬಂದಿದೆ. ಜೀವ ಉಳಿಯಿತು ಎನ್ನುತ್ತಾರೆ ವೈದ್ಯರು.

ಗಂಗಾ ಆಗಲೇ ಬಸ್ಸಿನ ಮೆಟ್ಟಿಲ ಮೇಲಿದ್ದಾರೆ. ಏನಾದರೂ ಆಸೆಯುಂಟೇ ಎಂದರೆ ತಿರುಗಿ ನೋಡುತ್ತಾರೆ.

"ಕುಡಿಯೋರಿಗೆ ಬಿಡ್ಬೇಕು ಅನ್ಸಿದ್ ದಿನ ಮೊದ್ಲು ನಂಗೊಂದು ಫೋನ್ ಮಾಡ್ಲಿ. ಆಣೆ ಆಮೇಲೆ ಮಾಡ್ಲಿ. ಚೌಡಮ್ಮ ಎರಡು ದಿನ ಕಾಯ್ತಾಳೆ."