ಮುದ್ದೆ ಅಗಿಯುವವರೂ ಇದೇ ಸಾಲಿನಲ್ಲಿ

ಬೆಳಗಿನ ಐದೂವರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ತಗಡಿನ ಶೆಡ್ಡಿನಲ್ಲಿ ಮೀನಾಕ್ಷಮ್ಮ ಮಣೆ ಮೇಲೆ ಕೂತು ಹಿಟ್ಟು ತೊಳಸುತ್ತಿದ್ದಾರೆ. ನೆಲಕ್ಕಿಳಿಸಿದ ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಪಾದಗಳಿಂದ ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವುತ್ತಾರೆ. ರಾಗಿ ಬೆಂದ ವಾಸನೆಗೆ ನನ್ನ ಹೊಟ್ಟೆ ಚುರುಗುಟ್ಟುತ್ತದೆ. ಮಾತಾಡಿಸಲು ಹೋದರೆ ಗದರುತ್ತಾರೆ.

“ಒಸಿ ತಡಿಯಪ್ಪ. ಈಗ ಮಾತಾಡುದ್ರೆ ಗಂಟಾಯ್ತದೆ. ಆಮೇಲೆ ಎಲ್ರೂ ನನ್ನೇ ಬಯ್ಯದು.”

ಮೆಸ್ಸಿಗೆ ಬೋರ್ಡಿಲ್ಲ. ‘ಹಿಟ್ಟಮ್ಮನ ಮೆಸ್’ ಎಂದರೆ ಯಾವ ಆಟೋದವರಾದರೂ ತಂದು ಬಿಡುತ್ತಾರೆ. ದಿನಕ್ಕೆ ನೂರೈವತ್ತು ಮುದ್ದೆ, ಸೊಪ್ಪಿನ ಬಸ್ಸಾರು, ಒಂದಿಷ್ಟು ಅನ್ನ. ಬಡಿಸಲು ಸೊಸೆ ರಕ್ಷಿತಾ ಇದ್ದಾರೆ. ನೈಟ್ ಶಿಫ್ಟ್ ಮುಗಿಸಿದವರು, ಲಾರಿಯವರು ಬಂದು ಗೋಡೆಗೊರಗಿ, ಉದ್ದ ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ಈ ಸಾಲಿನ ಸಲುವಾಗಿಯೇ ಮೊನ್ನೆ ಮೊನ್ನೆ ಮೆಸ್ಸು ಮುಚ್ಚುವ ಹಂತಕ್ಕೆ ಬಂದಿತ್ತು.

ನಡೆದದ್ದು ಇಷ್ಟು. ಒಡಿಶಾದ ವೆಲ್ಡರ್ ಸುಶಾಂತ ಬೆಹೆರಾ ಮೊದಲ ಸಲ ಊಟಕ್ಕೆ ಬಂದಾಗ ಅನ್ನ ತೀರಿತ್ತು. ಮುದ್ದೆ ಬಡಿಸಿದರು. ಆತ ಮುರಿದು ಬಾಯಿಗಿಟ್ಟು ಅಗಿದ. ನಮ್ಮ ಕಡೆಯ ಕೂಸು ಕೂಡ ಮಾಡದ ತಪ್ಪು ಅದು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದರೆ ಹಲ್ಲಿಗೂ ಅಂಗುಳಕ್ಕೂ ಮೆತ್ತಿಕೊಂಡು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಬೆಹೆರಾ ಬಾಯಿಗೆ ಬೆರಳು ಹಾಕಿ ಕೀಳತೊಡಗಿದ. ಸಾಲೆಲ್ಲ ನಕ್ಕಿತು. ಲಾರಿ ಡ್ರೈವರ್ ಮರಿಸ್ವಾಮಿ ಮಾತ್ರ ಮುಖ ಸಿಂಡರಿಸಿದರು.

“ಇಂಥೋರ್ ಪಕ್ಕ ಕೂತು ಉಣ್ಣಕಾಯ್ತದಾ ಮೀನಾಕ್ಷಕ್ಕ? ಈ ಹಿಂದಿಯೋರಿಗೆ ಹಿಂದ್ಗಡೆ ಬ್ಯಾರೆ ಚಾಪೆ ಹಾಸು. ಇಲ್ದಿದ್ರೆ ನಾವು ಬ್ಯಾರೆ ಕಡೆ ನೋಡ್ಕತೀವಿ.”

“ನೋಡ್ಕ ಹೋಗಪ್ಪ” ಎಂದರು ಮೀನಾಕ್ಷಮ್ಮ.

ಮರಿಸ್ವಾಮಿ ಹೋದರು, ಜೊತೆಗೆ ಲಾರಿಯವರೆಲ್ಲ ಹೋದರು. ಮೆಸ್ಸು ನಡೆಯುತ್ತಿದ್ದುದೇ ಅವರಿಂದ. ಮಾಡಿದ ಸಾರು ಮಿಕ್ಕಿ ದನಕ್ಕೆ ಹೋಯಿತು. “ಇನ್ನೊಂದ್ ಚಾಪೆ ಹಾಸುದ್ರೆ ಏನೋಯ್ತದತ್ತೆ ಅಂದೆ, ಅಷ್ಟೆಯ. ಮೂರ್ ದಿನ ನನ್ ಜತೆ ಮಾತೇ ಆಡ್ನಿಲ್ಲ” ಎನ್ನುತ್ತಾರೆ ರಕ್ಷಿತಾ.

ಆ ಹಟ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಮೀನಾಕ್ಷಮ್ಮ ಕೋಲಿಗಂಟಿದ ಹಿಟ್ಟು ಕೆರೆಯುತ್ತಾ ಹೇಳುತ್ತಾರೆ. ಅವರ ತವರು ಮಾಗಡಿ ಕಡೆಯ ಹೊಳೆ ದಂಡೆಯ ಹಳ್ಳಿ. ಅಣೆಕಟ್ಟೆಯ ನೀರು ಊರನ್ನು ನುಂಗಿದಾಗ ಅವರಿನ್ನೂ ಹುಡುಗಿ. ಮನೆಯವರೆಲ್ಲ ಗುಡ್ಡದ ಆಚೆಯ ಊರಿಗೆ ಬಂದು ನೆಲೆ ನಿಂತರು.

“ಆ ಊರಲ್ಲಿ ನಮಗೆ ಹೆಸರೇ ಇರ್ನಿಲ್ಲ. ಮುಳುಗಡೆಯೋರು ಅನ್ನೋರು. ಒಂದು ಮದುವೇಲಿ ಎಲೆ ಮುಂದೆ ಕೂತಿದ್ವಿ, ಅನ್ನನೂ ಬಡ್ಸಿದ್ರು. ಯಾರೋ ಬಂದು, ‘ಮುಳುಗಡೆಯೋರು ಏಳಿ, ಆಮೇಲ್ ಕೂತ್ಕಳಿ’ ಅಂದ್ಬುಟ್ರು. ನಮ್ಮವ್ವ ಅತ್ಕಂಡು ಮನೆಗ್ ಬಂದ್ಲು. ಜಾತಿ ಒಂದೇ, ಮಾತು ಒಂದೇ ಕಣಪ್ಪ. ನಡುವೆ ಇದ್ದದ್ದು ಐದಾರ್ ಮೈಲಿ.”

ನಾಡು, ನುಡಿ, ನಮ್ಮತನ ಎಂದು ಗಂಟೆಗಟ್ಟಲೆ ಭಾಷಣ ಕೇಳಿ ತೂಕಡಿಸಿದವನು ನಾನು. ಈ ಐದಾರು ಮೈಲಿ ಮಾತ್ರ ನಿದ್ದೆ ಕೆಡಿಸುತ್ತದೆ. ಕಲ್ಲುನೆಲ ನಮ್ಮನ್ನು ರಾಗಿಯವರನ್ನಾಗಿ ಮಾಡಿತು, ನದಿಬಯಲು ಬೆಹೆರಾನನ್ನು ಅನ್ನದವನನ್ನಾಗಿ ಮಾಡಿತು. ಇದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿದೆಯೋ ನನಗೆ ತಿಳಿಯದು.

ಆರು ಗಂಟೆಗೆ ಸಾಲು ತುಂಬುತ್ತದೆ. ಲಾರಿಯವರು ಬಿಟ್ಟುಹೋದ ಜಾಗದಲ್ಲಿ ಈಗ ಬೆಹೆರಾ ಕರೆತಂದ ಕಾರ್ಖಾನೆಯ ಹುಡುಗರಿದ್ದಾರೆ. ಹೊರಗೆ ಹೊಂಗೆ ಮರದಡಿ ಒಬ್ಬರೇ ತಟ್ಟೆ ಹಿಡಿದು ಕೂತಿರುವವರು ಮರಿಸ್ವಾಮಿ. ಬೇರೆ ಕಡೆಯ ಸಾರು ಹಿಡಿಸಲಿಲ್ಲವಂತೆ. ಹೋದ ವಾರ ಮರಳಿದ್ದಾರೆ, ಆದರೆ ಒಳಗೆ ಕಾಲಿಟ್ಟಿಲ್ಲ. “ಬಿಗುಮಾನ. ಒಳಿಕ್ ಬಾ ಅಂತ ನಾನೂ ಕರೆಯಕಿಲ್ಲ” ಎಂದು ಮೀನಾಕ್ಷಮ್ಮ ಅಲ್ಲಿಗೇ ಬಡಿಸಿ ಬರುತ್ತಾರೆ.

ಬೆಹೆರಾ ಇವತ್ತು ಊರಿನಿಂದ ಬಂದ ಹೊಸಬನೊಬ್ಬನನ್ನು ಕರೆತಂದಿದ್ದಾನೆ. ಅವನೂ ಅಗಿಯುತ್ತಾನೆ. “ಅಗೀಬ್ಯಾಡ, ನುಂಗು” ಎಂದು ಬೆಹೆರಾ ಕನ್ನಡದಲ್ಲೇ ಗದರಿ, ಆಮೇಲೆ ತನ್ನ ಭಾಷೆಯಲ್ಲಿ ಬಿಡಿಸಿ ಹೇಳುತ್ತಾನೆ. ಹೊಸಬ ದೊಡ್ಡ ತುಂಡು ನುಂಗಲು ಹೋಗಿ ಕಣ್ಣು ಮೇಲೆ ಮಾಡುತ್ತಾನೆ.

ಮರದಡಿ ಕೂತ ಮರಿಸ್ವಾಮಿಗೆ ತಡೆಯಲಾಗುವುದಿಲ್ಲ. ತಟ್ಟೆ ಸಮೇತ ಎದ್ದು ಒಳಗೆ ಬರುತ್ತಾರೆ.

“ಅಷ್ಟ್ ದಪ್ಪ ಮುರುದ್ರೆ ಯಾವೋನ್ ನುಂಗಾನು? ಜರುಗ್ಲಾ ಒಸಿ” ಎಂದು ಬೆಹೆರಾನನ್ನು ಸರಿಸಿ ಪಕ್ಕದಲ್ಲೇ ಕೂರುತ್ತಾರೆ. ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸುತ್ತಾರೆ. ಹೊಸಬ ಹಾಗೇ ಮಾಡುತ್ತಾನೆ. ಮೀನಾಕ್ಷಮ್ಮ ಮೂವರ ತಟ್ಟೆಗೂ ಸಾರು ಬಿಟ್ಟು ಒಲೆಯ ಕಡೆ ಹೋಗುತ್ತಾರೆ.

ಹೊರಡುವಾಗ, ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಶೆಡ್ಡಿನ ಕೊನೆ ತೋರಿಸುತ್ತಾರೆ.

“ಆ ಕಡೀಕ್ ಇನ್ನೊಂದ್ ನಾಕ್ ತಗಡು ಹಾಕುಸ್ಬೇಕು. ಜನ ಬತ್ತಾನೇ ಅವ್ರೆ. ಜಾಗ ಇಲ್ಲ ಅಂತ ಕೂತೋರ್ನ ಎಬ್ಬುಸೋ ಹಂಗಾಗ್ಬಾರ್ದು.”